ಮೀನುಂಡ ಮರಗಳು

ಲಾರ್ಚ್ ಮರದ ಬುಡಕ್ಕೆ ಬಕೆಟ್ಟಿನಿಂದ ಮೀನಿನ ಕರುಳು ಸುರಿಯುತ್ತಿದ್ದ ಮುದುಕಿ ಸೈಮಿ ತಲೆಯೆತ್ತಿದರೆ, ಎದುರಿಗೆ ಇಂಕೇರಿ ನಿಂತಿದ್ದಳು. ಅರಣ್ಯ ಸಂಶೋಧನಾ ಸಂಸ್ಥೆಯ ಇಂಕೇರಿ ಮರ ಅಳೆಯಲು ಬರಬೇಕಾದದ್ದು ನಾಳೆ. ಇವತ್ತು ಹೋಗಬೇಕಿದ್ದ ಪಕ್ಕದೂರಿನ ಸೇತುವೆ ಮುಚ್ಚಿದ್ದರಿಂದ ಒಂದು ದಿನ ಮೊದಲೇ ಇತ್ತ ತಿರುಗಿದ್ದಳು.

"ಏನಿದು, ಸೈಮಿ?"

"ಕಾಣಲ್ವಾ? ಮೀನಿನ ಕರುಳು," ಎಂದಳು ಮುದುಕಿ. "ಬಾ, ಕಾಫಿಗೆ ಇಡ್ತೀನಿ."

ಇಂಕೇರಿ ಕದಲಲಿಲ್ಲ. ಹಬೆಸ್ನಾನದ ಮನೆಯಾದ ಸೌನಾದ ಹಿಂದಿನ ಈ ಜಾಗದಲ್ಲಿ ಪೈನ್, ಸ್ಪ್ರೂಸ್, ಲಾರ್ಚ್ ಮೂರನ್ನೂ ಒಂದೇ ವರ್ಷ ನೆಟ್ಟದ್ದು, ಚಳಿಯ ಸೀಮೆಯಲ್ಲಿ ಯಾವುದು ಹೆಚ್ಚು ಬೆಳೆಯುತ್ತದೆಂದು ನೋಡಲು. ಫಿನ್ಲೆಂಡಿನಲ್ಲಿ ಇಂಥ ತೋಪುಗಳು ಇನ್ನೂ ಕೆಲವಿದ್ದವು. ಆದರೆ ಎಲ್ಲಕ್ಕಿಂತ ಉತ್ತರದ್ದು ಇದೇ ಆದ್ದರಿಂದ ಇದರ ಮಾತಿಗೇ ತೂಕ ಹೆಚ್ಚು. ಇಲ್ಲಿ ಲಾರ್ಚ್ ಉಳಿದೆರಡನ್ನೂ ಹಿಂದೆ ಹಾಕಿ ಎದ್ದಿತ್ತು. ಅದಕ್ಕೆ ಅಂಟಿಕೊಂಡ ಸ್ಪ್ರೂಸ್ ಸಾಲು ಕೂಡ ಆಚೆಯ ಸಾಲುಗಳಿಗಿಂತ ಎತ್ತರ. ಬೆಳಕು ಚೆನ್ನಾಗಿ ಬಿದ್ದಿರಬೇಕು ಎಂದು ಇಂಕೇರಿ ಇಷ್ಟು ದಿನ ಅಂದುಕೊಂಡಿದ್ದಳು.

"ಯಾವಾಗಿನಿಂದ ಹಾಕ್ತಿದೀರಿ?"

"ತೌನೊ ಇದ್ದಾಗಿನಿಂದ. ಲಾರ್ಚೇ ಗೆಲ್ಲೋದು ಅಂತ ಹಟ ಹಿಡಿದಿದ್ದ ನನ್ನ ಗಂಡ. ಚಳಿಗಾಲಕ್ಕೆ ಬೋಳಾಗೋ ಮರ ನಂಬಿ ಕೆಟ್ಟ ಅಂತ ಊರವರೆಲ್ಲ ಆಡ್ಕೊಂಡ್ರು. ಸಸಿಗಳೂ ಹಾಗೇ, ಕುಂಟ್ತಿದ್ವು. ಅವನಿಗೆ ಊಟ ಸೇರ್ತಿರಲಿಲ್ಲ, ನಂಗೆ ನೋಡೋಕಾಗಲಿಲ್ಲ. ಅವನು ಪೇಟೆಗೆ ಹೋದಾಗೆಲ್ಲ ಕೆರೆ ದಡದಲ್ಲಿ ಮೀನು ಹಿಡಿಯೋರು ಬಿಸಾಕಿದ್ದನ್ನ ತಂದು ಸುರಿದೆ."

"ಅವರಿಗೆ ಗೊತ್ತಿತ್ತಾ?"

"ಗೊತ್ತಾಗಿದ್ರೆ ಕೊಡಲಿ ತಗೊಂಡು ಎಲ್ಲ ಉರುಳಿಸ್ತಿದ್ದ. ಪುಣ್ಯಾತ್ಮ, ಗೆದ್ದೆ ಅಂದ್ಕೊಂಡೇ ಸತ್ತ."

"ಆಮೇಲಾದ್ರೂ ನಿಲ್ಲಿಸಬಹುದಿತ್ತಲ್ಲ?"

"ಅವನು ಹೋದಮೇಲೆ ಅವನ ಮಾತು ಬಿದ್ದುಹೋದ್ರೆ, ಎತ್ತಿ ನಿಲ್ಲಿಸೋಕೆ ಎದ್ದು ಬರ್ತಾನಾ?" ಸೈಮಿ ಒಂದು ಹೆಜ್ಜೆ ಹತ್ತಿರ ಬಂದಳು. "ನಾಳೆ ಬಂದಿದ್ರೆ ನೀನಿದನ್ನ ನೋಡ್ತಿರಲಿಲ್ಲ. ನಾಳೇನೇ ಬಂದೆ ಅಂದ್ಕೋ."

ಅಂದುಕೊಳ್ಳುವುದು ಕಷ್ಟವೇನಿರಲಿಲ್ಲ. ಇಂಕೇರಿಗೆ ನಾಲ್ಕು ಜನರ ನಡುವೆ ಹೆಸರು ಬಂದದ್ದೇ ಈ ಮರಗಳಿಂದ. ಅವಳು ಕಾಂಡಕ್ಕೆ ಒರಗಿದಳು. ಹಳದಿಗೆ ತಿರುಗಿದ ಸೂಜಿಯೆಲೆಗಳು ಹೆಗಲ ಮೇಲೆ ಉದುರುತ್ತಿದ್ದವು.

"ನಿಮ್ಮ ಮರ ನೋಡಿ ಸುತ್ತಲಿನ ಊರವರೆಲ್ಲ ಲಾರ್ಚ್ ಸಸಿ ತರಿಸ್ತಿದಾರೆ," ಎಂದಳು ಕೊನೆಗೆ. "ನೆಡಿ ಅಂತ ನಾನೇ ಹೇಳಿದ್ದು."

ಮುದುಕಿಯ ಮುಖ ಅರಳಿತು. "ನಿಜವಾಗ್ಲೂ? ಆ ಆಡ್ಕೊಂಡೋರೂನಾ?"

"ಅವರ ಮಕ್ಕಳು."

"ಹಾಗೆ ಬರಲಿ ದಾರಿಗೆ. ತೌನೊ ಇದನ್ನ ಕೇಳ್ಬೇಕಿತ್ತು."

"ಆ ಮರಗಳಿಗೆ ಮೀನು ಹೊತ್ತು ಹಾಕೋರು ಯಾರು, ಸೈಮಿ?"

ಸೈಮಿಯ ನಗು ತುಟಿಯಲ್ಲೇ ನಿಂತಿತು. ಅವಳು ಲಾರ್ಚಿನ ತುದಿಗಳನ್ನು ನೋಡಿದಳು, ಆಮೇಲೆ ದೂರದ ಹೊಲಗಳತ್ತ. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಕಿತ್ತುಹಾಕು ಮರಗಳಿಗೆ ಹೊಡೆದಿರೋ ಆ ನಂಬರಿನ ತಗಡುಗಳನ್ನ, ಈ ಅಳತೆ ಲೆಕ್ಕ ಸಾಕು," ಎಂದಳು. "ಹೊಸದಾಗಿ ನೆಡೋರಿಗೆ ಇವತ್ತೇ ಫೋನ್ ಮಾಡಿ ಹೇಳು. ನನ್ನ ಹೆಸರೂ ಹೇಳು, ಪರವಾಗಿಲ್ಲ. ತೌನೊಗೆ ಏನೂ ಗೊತ್ತಿರಲಿಲ್ಲ ಅಂತ ಮಾತ್ರ ಮರೀದೆ ಹೇಳು."

ಇಂಕೇರಿ ಇಕ್ಕಳ ತೆಗೆದು ಒಂದೊಂದಾಗಿ ಕೀಳತೊಡಗಿದಳು. ಕಡೆಯ ಸಾಲು ಮುಗಿದಾಗ ಸೈಮಿ ಹತ್ತಿರ ಬಂದಳು.

"ಹಾಗಾದ್ರೆ ಇನ್ಮೇಲೆ ಯಾವುದು ಹೆಚ್ಚು, ಯಾವುದು ಕಮ್ಮಿ ಅಂತ ನೋಡೋಕೆ ಯಾರೂ ಬರಲ್ವಾ?"

"ಬರಲ್ಲ."

ಸೈಮಿ ಬಕೆಟ್ಟನ್ನೆತ್ತಿಕೊಂಡು ಲಾರ್ಚಿನ ಸಾಲುಗಳನ್ನು ದಾಟಿ ನಡೆದಳು. ಎಲ್ಲಕ್ಕಿಂತ ಗಿಡ್ಡಗಿದ್ದ ಸ್ಪ್ರೂಸ್‌ನ ಬುಡದಲ್ಲಿ ಬಗ್ಗಿ, ಉಳಿದದ್ದನ್ನೆಲ್ಲ ಅಲ್ಲಿಗೆ ಸುರಿದಳು.

"ಪಾಪ," ಎಂದಳು. "ಇಷ್ಟು ವರ್ಷ ಹಸ್ಕೊಂಡೇ ನಿಂತಿದ್ವು."