ಗಿಡ್ಡ ಕುದುರೆಗಳು

ಗಂಡ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾನೆಂದು ಅವಳಿಗೆ ಖಾತ್ರಿಯಾದದ್ದು ಕುದುರೆಯ ಎತ್ತರ ನೋಡಿದಾಗ.

ಕುದುರೆ ಎಂದರೆ ಓಡುವ ಕುದುರೆಯಲ್ಲ. ಬಡಗಿಗಳು ಹಲಗೆ ಇಟ್ಟು ಕೊಯ್ಯುವ ನಾಲ್ಕು ಕಾಲಿನ ಮರದ ಆಸರೆ, ಜೋಡಿಯಾಗಿಯೇ ಇರುವಂಥದ್ದು. ಅಂಗಡಿಯಲ್ಲೂ ಸಿಗುತ್ತದೆ. ಆದರೆ ಒಳ್ಳೆಯ ಬಡಗಿ ಕೊಂಡು ತರುವುದಿಲ್ಲ, ತನ್ನ ಮೈಗೆ ಹೊಂದುವಂತೆ ತಾನೇ ಮಾಡಿಕೊಳ್ಳುತ್ತಾನೆ. ನೆಟ್ಟಗೆ ನಿಂತು ಕೈ ಜೋತುಬಿಟ್ಟರೆ ಬೆರಳ ಗೆಣ್ಣು ಕುದುರೆಯ ಬೆನ್ನಿಗೆ ತಾಗಬೇಕು. ಎತ್ತರವಾದರೆ ಭುಜ ಹೋಯಿತು, ತಗ್ಗಾದರೆ ಸೊಂಟ ಹೋಯಿತು.

ಅವಳ ಗಂಡ ಬಾಗಿಲಿಗೆ ತಲೆ ತಗ್ಗಿಸಿ ಬರುವ ಆಳು. ಬಡಗಿ ಕೆಲಸಕ್ಕೆಂದೇ ಇಟ್ಟುಕೊಂಡ ಗ್ಯಾರೇಜಿನಲ್ಲಿ ತಡವರಿಸಿಕೊಂಡು ಅವನು ಮಾಡುತ್ತಿದ್ದ ಹೊಸ ಜೋಡಿ ಅವನ ಗೆಣ್ಣಿಗಿಂತ ಗೇಣಿನಷ್ಟು ಕೆಳಗಿತ್ತು.

“ಯಾರಿಗ್ರೀ ಇದು?”

“ಯಾರಿಗೋ. ಕೆಲಸ ಮಾಡೋರಿಗೆ.”

ಕೆಲಸ ಮಾಡೋರು! ಅವಳಿಗೆ ಹೊಳೆದದ್ದು ಒಬ್ಬನೇ. ಅವನ ತಂಗಿಯ ಮಗನೂ ಬಡಗಿಯೇ. ಮೋಟು ಆಳು; ನೆಂಟರೆಲ್ಲ ಕರೆಯುವುದೇ ಗುಜ್ಜಾರಿ ಎಂದು. ಮಾವನ ಕಣ್ಣು ಮಂಜಾದಂದಿನಿಂದ ಅವನಿಗೆ ಈ ಗ್ಯಾರೇಜಿನ ಮೇಲೆ ಕಣ್ಣು. “ಎಲ್ಲಾ ನಂಗೆ ವಹಿಸಿ, ಆರಾಮಾಗಿ ಕೂತ್ಕೊಳ್ಳಿ ಮಾವ,” ಎಂದು ಬಂದಾಗಲೆಲ್ಲ ಒಂದೇ ರಾಗ. ಭಾನುವಾರ ಉತ್ತರ ಕೇಳಲು ಬರುವವನಿದ್ದ.

ನಿಜಕ್ಕೂ ಅವಳಿಗೆ ಸಾಕಾಗಿತ್ತು. ಅಡುಗೆ, ಬಟ್ಟೆ, ಪಾತ್ರೆ. ಊಟವಾಗಿ ಅವನು ಅಡ್ಡಾದ ಮೇಲೆ ಗ್ಯಾರೇಜು ಗುಡಿಸಲು ಹೋದರೆ ಅವಳು ಹೊರಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು. ಸಂಜೆ ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ವಯಸ್ಸಾಯಿತಲ್ಲ, ಎನ್ನುತ್ತಿದ್ದಳು.

ಆದರೂ ಗ್ಯಾರೇಜು ಕೈಬಿಡುವುದೆಂದರೆ ಜೀವ ಒಪ್ಪದು. ಮದುವೆಯಾಗಿ ಬಂದಂದಿನಿಂದ ಅವನು ಕೊಯ್ಯುವ ಹಲಗೆಯ ಇನ್ನೊಂದು ತುದಿ ಹಿಡಿದವಳು ಅವಳು. ಕಣ್ಣು ಮಂಜಾದರೂ ಬಡಗಿಯ ಹೆಸರು ಕೆಟ್ಟಿರಲಿಲ್ಲ. ಕಪಾಟು, ಕಿಟಕಿ ಮಾಡಿಸಿಕೊಂಡವರು ಈಗಲೂ, “ಕೀಲು ಅಂದ್ರೆ ಇವರದೇ, ಸಂದೀಲಿ ಕೂದಲೂ ತೂರಲ್ಲ,” ಎನ್ನುತ್ತಿದ್ದರು. ಆಗ ಅವನ ಮುಖ ಅರಳುತ್ತಿತ್ತು. ಆ ಮುಖ ನೋಡುವುದಕ್ಕೆ ಅವಳು ಎಂಥ ದಣಿವನ್ನೂ ನುಂಗಿಕೊಂಡಾಳು.

“ಒಂದು ಕಾಲು ಕುಂಟುತ್ತಲ್ಲ?” ಎಂದಳು, ಹೊಸ ಕುದುರೆಯನ್ನು ಅಲ್ಲಾಡಿಸಿ.

“ಇರಲಿ ಬಿಡೆ. ನಾನೊಂದು ನಿದ್ದೆ ತೆಗೆದು ಏಳೋಷ್ಟರಲ್ಲಿ ಅದೇ ಸರಿಹೋಗುತ್ತೆ. ನನ್ನ ಕೆಲಸ ಎಲ್ಲಾ ಹಂಗೇ ಅಲ್ವಾ?”

ತಮಾಷೆ ಇರಬೇಕು ಎಂದುಕೊಂಡಳು. ನಗು ಬರಲಿಲ್ಲ.

ಭಾನುವಾರ ಗುಜ್ಜಾರಿ ಬಂದ. ಜೋಡಿ ಕುದುರೆ ಕಂಡದ್ದೇ ಮುಖ ಮೊರದಗಲವಾಯಿತು.

“ಅತ್ತೆ, ನೋಡಿದ್ರಾ? ಮಾವ ನನಗಂತಲೇ ಮಾಡಿಟ್ಟಿದಾರೆ!”

“ಅಳತೆ ಕೊಟ್ಟು ಹೋಗಿದ್ಯೇನೋ, ದರ್ಜಿಗೆ ಕೊಟ್ಟ ಹಾಗೆ?” ಎಂದಳು ಅವಳು. ಗಂಡನತ್ತ ನೋಡಲಿಲ್ಲ.

“ಕೊಡ್ದೇ ಇದ್ರೂ ಮಾವನಿಗೆ ಗೊತ್ತಾಗಲ್ವಾ? ನನ್ನೆತ್ತರ ಊರಿಗೇ ಗೊತ್ತು!”

ನಗುತ್ತಲೇ ಅವನು ಕುದುರೆಯ ಪಕ್ಕ ನೆಟ್ಟಗೆ ನಿಂತು ಕೈ ಜೋತುಬಿಟ್ಟ. ಬೆರಳು ಗಾಳಿಯಲ್ಲೇ ನಿಂತವು. ತುಸು ಬಗ್ಗಿದ. ನಗು ಆರಿತು.

“ಇದು ನಂಗೂ ತಗ್ಗು, ಮಾವ. ನನಗಿಂತ ಕುಳ್ಳರು ಈ ಮನೇಲಿ ಯಾರಿದಾರೆ?”

“ನಿಮ್ಮತ್ತೆ,” ಎಂದ ಬಡಗಿ. “ನಾನು ನಿದ್ದೆ ಹೋದೆ ಅಂದ್ಕೊಂಡು ದಿನಾ ಮಧ್ಯಾಹ್ನ ನನ್ನ ಸೊಟ್ಟ ಕೀಲನ್ನೆಲ್ಲ ಬಿಚ್ಚಿ ಕೂಡಿಸೋಳು ಅವಳೇ ಕಣೋ; ನನ್ನೆತ್ತರದ ಕುದುರೆ ಮೇಲೆ ಇನ್ನೆಷ್ಟು ದಿನ ಅಂತ ದುಡೀತಾಳೆ, ಪಾಪ.”