ಬಿಗಿ ಜಡೆ

ಡಾಕ್ಟರಮ್ಮ ಜಡೆಯ ಕೊನೆಯ ಎಳೆಯನ್ನೂ ಬಿಚ್ಚಿದಾಗ, ವಾರಗಟ್ಟಲೆ ಮೇಲೇರಿಯೇ ಇದ್ದ ಮಗಳ ಹುಬ್ಬುಗಳು ಕೆಳಗಿಳಿದದ್ದನ್ನು ಅಪ್ಪ ಕಣ್ಣಾರೆ ಕಂಡ.

“ಕಣ್ಣು ಸರಿಯಾಗಿದೆ, ಊಟ ನಿದ್ದೆ ಎಲ್ಲಾ ಸರಿಯಾಗಿದೆ. ಪದೇ ಪದೇ ತಲೆನೋವು ಬರ್ತಿರೋದು ಈ ಜಡೆಯಿಂದ ಕಣ್ರೀ. ಯಾರು ಹಾಕೋದು?”

“ನಾನೇ ಮೇಡಂ.” ಅವನು ತನ್ನ ಕೈಗಳನ್ನು ನೋಡಿಕೊಂಡ. ಲಾರಿಯ ಸರಕಿಗೆ ಹಗ್ಗ ಬಿಗಿಯುವ ಕೈಗಳವು. ಅವು ಹಾಕಿದ ಗಂಟು ಬಿಚ್ಚಬೇಕಾದವರು ಊರೂರಲ್ಲಿ ಶಾಪ ಹಾಕುತ್ತಿದ್ದರು. “ಆದ್ರೆ ಪುಟ್ಟಿ, ‘ಇನ್ನೂ ಬಿಗಿ ಅಪ್ಪಾ, ಬಿಚ್ಚಿ ಮತ್ತೆ ಹಾಕು’ ಅಂತ ದಿನಾ ಹಠ ಮಾಡ್ತಿದ್ದೋಳು ನೀನೇ ಅಲ್ವಾ?”

ಮಗಳು ರಿಬ್ಬನ್ನನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದಳು. “ಜಡೆ ಮುಗಿದ ತಕ್ಷಣ ನೀನು ಕೆಲಸಕ್ಕೆ ಹೊರಟುಬಿಡ್ತೀಯಲ್ಲಪ್ಪ.”

ಅಪ್ಪನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಕೆಲಸಕ್ಕೆ ಕರೆಯುತ್ತಿದ್ದ ಲಾರಿಯವನದು. ಬಡಿದುಕೊಳ್ಳಲಿ ಎಂದು ಬಿಟ್ಟು, ಅವನು ಹೊರಗಿನ ಬೆಂಚಿನ ಮೇಲೆ ಕೂತು ಅವಳನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಸಡಿಲವಾಗಿ, ನಿಧಾನವಾಗಿ ಜಡೆ ಹೆಣೆದ. ತುದಿ ಮುಟ್ಟಿದ ಮೇಲೆ ಮತ್ತೆ ಬಿಚ್ಚತೊಡಗಿದ.

“ಯಾಕಪ್ಪಾ?”

“ಸೊಟ್ಟಗಾಯ್ತು ಪುಟ್ಟಿ. ಮೊದಲಿಂದ ಹಾಕೋಣ.”

ಜಡೆ ನೆಟ್ಟಗೇ ಇತ್ತು.