ತೊಟ್ಟಿಲಿನ ವಿಭೂತಿ

ವಿಭೂತಿಯ ವಾಸನೆ ಬಂದರೆ ಈಗಲೂ ಚಿತ್ತವಾಡ್ಗಿಯ ನಮ್ಮ ಮನೆಯ ಆ ಮಧ್ಯಾಹ್ನ ಕಣ್ಣ ಮುಂದೆ ತೇಲಿ ಬರುತ್ತದೆ. ಕೂಸಾಗಿದ್ದ ತಮ್ಮನ ಕೆನ್ನೆಗಳು ಕೆಂಪಾಗಿ ಒರಟಾಗಿದ್ದವು. ಗುಳ್ಳೆ ಹೆಚ್ಚಿದಷ್ಟೂ ಅಜ್ಜಿ ವಿಭೂತಿಯನ್ನು ದಪ್ಪಗೆ ಹಚ್ಚುತ್ತಿದ್ದಳು.

ಅವತ್ತು ಅವ್ವ ದವಾಖಾನೆಯಿಂದ ಬಂದು ಮೆಲ್ಲಗೆ ಹೇಳಿದಳು: “ಅತ್ತಿ, ಕೂಸಿನ ಮಾರಿಗಿ ವಿಭೂತಿ ಹಚ್ಚೂದು ಬ್ಯಾಡಂತ್ರಿ. ಬರೇ ಉಗುರುಬೆಚ್ಚನ ನೀರು, ಡಾಕ್ಟರ್ ಕೊಟ್ಟ ಮುಲಾಮು.”

“ಡಾಕ್ಟರಗ ದೃಷ್ಟಿ ತೆಗಿಯಾಕ ಬರ್ತದೇನು?” ಎಂದಳು ಅಜ್ಜಿ.

ಅವ್ವ ಹಳೆ ಸೀರೆಯ ಮೆತ್ತನೆಯ ತುಂಡನ್ನು ನೀರಲ್ಲಿ ಅದ್ದಿ ಕೆನ್ನೆಗೆ ಒತ್ತಿದಳು. ತಮ್ಮ ಅಳು ನಿಲ್ಲಿಸಿ ನಿದ್ದೆಹೋದ.

ಅಜ್ಜಿ ಬೆರಳಿಗೆ ವಿಭೂತಿ ಹಚ್ಚಿಕೊಂಡು ಎದ್ದು ತೊಟ್ಟಿಲ ಹತ್ತಿರ ಬಂದಳು. ಅಜ್ಜಿ ಬಗ್ಗಿ ಆ ಕೆನ್ನೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತೊಟ್ಟಿಲಿನ ಕಟ್ಟಿಗೆಯ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಳು.

“ಇದಕ್ಕ ಗುಳ್ಳಿ ಏಳಂಗಿಲ್ಲಲ್ಲ,” ಎಂದಳು.